ಅಜ್ಜಂಪುರಕ್ಕೆ ಎಷ್ಟು ಅಕ್ಷರ?

ನಮ್ಮ ಸೀಮೆಯ ಮನೆಗಳಲ್ಲಿ ಈಗ ಮಕ್ಕಳ ಬಾಯಿಂದ ಇಂಗ್ಲಿಷಿನ ಮೂರನೆಯ ಅಕ್ಷರದ ಹೆಸರು ಆಗಾಗ ಕೇಳಿಬರುತ್ತಿರುವುದು. “ನಾಳೆ ಸಿ ಪರೀಕ್ಷೆ”, “ಸಿ ಪ್ರೋಗ್ರಾಮು ನಡೆಯಲಿಲ್ಲ” ಎಂದು ಅವರು ಹೇಳಿಕೊಳ್ಳುವಾಗ ತಾಯಿತಂದೆಗಳು ಮಕ್ಕಳ ಮುಖವನ್ನು ನೋಡಿ, ಅದಾವುದೋ ಕಷ್ಟದ ವಿದ್ಯೆಯೆಂದು ಊಹಿಸಿಕೊಂಡು ಸುಮ್ಮನಾಗುವರು. ಇಂಜಿನಿಯರಿಂಗ್, ಡಿಪ್ಲೊಮಾ, ಬಿ.ಸಿ.ಎ. ಮೊದಲಾದ ವ್ಯಾಸಂಗಗಳಿಗೆ ಸೇರಿದವರಿಗೆ ಮೊದಮೊದಲು ಎದುರಾಗುವ ಪಾಠಗಳಲ್ಲಿ ಇದೊಂದು. ೧೯೯೮ರಲ್ಲಿ ಸ್ಥಾಪಿತವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಸೇತುವೆ ಕಟ್ಟಡಗಳನ್ನು ಕಟ್ಟುವ ವಿದ್ಯೆಗೆ ಸೇರಿದವರೂ ಬಹುಕಾಲ ಇದನ್ನು ಮೊದಲ ವರ್ಷದಲ್ಲಿಯೇ ಓದಿರುವರು. ದಿನವೂ ಕಿವಿಗೆ ಬಿದ್ದು ಅರ್ಥವಾಗದೆ ಉಳಿದ ಮಾತು ಮನೆಯಲ್ಲಿ ಭಯವನ್ನು ಬೆಳೆಸುವುದು. ಆದುದರಿಂದ ಸಿ ಪ್ರೋಗ್ರಾಮನ್ನು ಬರೆಯುವುದೆಂದರೇನು, ಕಂಪೈಲು ಮಾಡುವುದೆಂದರೇನು, ನಡೆಸುವುದೆಂದರೇನು ಎಂಬ ಮೂರು ಸಂಗತಿಗಳನ್ನು ಅಡುಗೆಮನೆಯಲ್ಲಿರುವವರಿಗೂ ಅಂಗಡಿಯಲ್ಲಿರುವವರಿಗೂ ತಿಳಿಯುವಂತೆ ಹೇಳಲು ಯತ್ನಿಸುವೆನು.

ಈ ಯತ್ನಕ್ಕೆ ಕಾರಣಳಾದವಳು ಅಜ್ಜಂಪುರದಲ್ಲಿರುವ ನನ್ನ ಅಕ್ಕನ ಮಗಳು. ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲುದಾರಿಯ ಮೇಲಿರುವ ಆ ಊರು ಅಮೃತಮಹಲ್ ದನಗಳ ತಳಿಯನ್ನು ಕಾಪಾಡುವ ಕೇಂದ್ರದಿಂದಲೂ ಈರುಳ್ಳಿ ಆಲೂಗೆಡ್ಡೆಗಳ ಬೆಳೆಯಿಂದಲೂ ಹೆಸರಾದುದು. ತರೀಕೆರೆ ತಾಲ್ಲೂಕಿಗೆ ಸೇರಿದ್ದು, ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿರುವುದು. ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಕಂಪ್ಯೂಟರ್ ಡಿಪ್ಲೊಮಾಕ್ಕೆ ಸೇರಿದ್ದಳು. ಭಾವನವರು ಈರುಳ್ಳಿಯ ಹಣ ಕೈಗೆ ಬರುವ ಮೊದಲೇ ಸಾಲಮಾಡಿ ಶುಲ್ಕ ಕಟ್ಟಿದ್ದರು. ಹಳೆಯದೊಂದು ಕಂಪ್ಯೂಟರನ್ನೂ ಕಡಿಮೆ ಬೆಲೆಗೆ ಕೊಡಿಸಿದ್ದರು. ಆದರೆ ಮೊದಲ ಪ್ರಯೋಗ ಪರೀಕ್ಷೆಯಲ್ಲಿ ಅವಳು ಹಿಂದೆ ಬಿದ್ದಳು. ದೀಪಾವಳಿಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ, “ಮಾವ, ನನಗೆ ಇದು ಹತ್ತುವುದಿಲ್ಲ. ಕನ್ನಡದಲ್ಲಿ ಓದಿದವರಿಗಲ್ಲ ಈ ವಿದ್ಯೆ. ಬಿಟ್ಟುಬಿಡುತ್ತೇನೆಂದು ಅಪ್ಪನಿಗೆ ನೀವೇ ಹೇಳಿ” ಎಂದಳು. ಈ ಕಸುಬಿನಲ್ಲಿ ಹಲವು ವರ್ಷ ಅನ್ನ ತಿಂದವನಾದ ನನಗೆ ಆ ಮಾತು ಮನಸ್ಸಿಗೆ ನಾಟಿತು. ಬಿಡುವುದಾದರೆ ಬಿಡಲಿ, ಆದರೆ ಏನನ್ನು ಬಿಡುತ್ತಿರುವೆನೆಂಬುದನ್ನು ತಿಳಿದು ಬಿಡಲಿ ಎಂದು ನಿಶ್ಚಯಿಸಿ, ನಾಲ್ಕು ದಿನ ಅವಳ ಪಕ್ಕದಲ್ಲಿ ಕುಳಿತೆನು.

ಅವಳ ತೊಡಕು ಎಲ್ಲಿತ್ತೆಂಬುದು ಮೊದಲ ದಿನವೇ ತಿಳಿಯಿತು. ಕಾಲೇಜಿನಲ್ಲಿ ಅವಳು ಕಲಿಯುತ್ತಿದ್ದುದು ನೀಲಿಬಣ್ಣದ ಕಿಟಕಿಯೊಂದರಲ್ಲಿ. ಬೋರ್ಲೆಂಡ್ ಸಂಸ್ಥೆಯವರು ೧೯೮೭ರಲ್ಲಿ ಹೊರತಂದ ಟರ್ಬೋ ಸಿ ಎಂಬ ಸಾಧನವದು. ನಮ್ಮ ದೇಶದ ಅನೇಕ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು. ಪ್ರೋಗ್ರಾಮನ್ನು ಬರೆದು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು, ಉತ್ತರ ಕಾಣಿಸುವುದು. ನಡುವೆ ಏನು ನಡೆಯಿತೆಂಬುದು ಕಾಣುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿದ್ದುದಾದರೋ ಲಿನಕ್ಸ್. ಅಲ್ಲಿ ನೀಲಿ ಕಿಟಕಿಯಿಲ್ಲ. ಟರ್ಮಿನಲ್ ಎಂಬ ಕಪ್ಪು ತೆರೆ ಮಾತ್ರ. ಕಾಲೇಜಿನಲ್ಲಿ ನಡೆದ ಪ್ರೋಗ್ರಾಮನ್ನೇ ಇಲ್ಲಿ ಕೊಟ್ಟರೆ, ‘ಕೊನಿಯೊ ಡಾಟ್ ಎಚ್: ಅಂಥ ಕಡತವಾಗಲಿ ಕೋಶವಾಗಲಿ ಇಲ್ಲ’ ಎಂಬರ್ಥದ ಇಂಗ್ಲಿಷ್ ಉತ್ತರ ಬರುತ್ತಿತ್ತು. ಆ ಕೊನಿಯೊ ಎಂಬುದು ಹಳೆಯ ಡಾಸ್ ಪದ್ಧತಿಯ ಯಂತ್ರಗಳಿಗೆ ಸೇರಿದ ಕಡತವೇ ಹೊರತು ಸಿ ಭಾಷೆಯ ಪ್ರಮಾಣಗ್ರಂಥದಲ್ಲಿ ಸೇರಿದುದಲ್ಲ. ಹುಡುಗಿಗೆ ಇದು ತಿಳಿಯದು. ತಾನು ದಡ್ಡಳೆಂಬುದಕ್ಕೆ ಅದೇ ಸಾಕ್ಷಿಯೆಂದು ಅವಳು ಭಾವಿಸಿದ್ದಳು.

ಹಿಟ್ಟಿನ ಗಿರಣಿಯ ದೃಷ್ಟಾಂತದಿಂದ ನಾನು ಪ್ರಾರಂಭಿಸಿದೆನು. ಹೊಲದಿಂದ ಬಂದ ರಾಗಿಯನ್ನು ಹಾಗೆಯೇ ತಿನ್ನಲಾಗದು. ಗಿರಣಿಗೆ ಹೊತ್ತು ಬೀಸಿಸಬೇಕು. ಹಿಟ್ಟನ್ನು ತಂದು ಎಸರಿಗೆ ಹಾಕಿ ತೊಳೆಸಿ ಮುದ್ದೆಮಾಡಬೇಕು. ನಾವು ಬರೆಯುವ ಸಿ ಪ್ರೋಗ್ರಾಮು ರಾಗಿ. ಅದು ಮನುಷ್ಯರು ಓದತಕ್ಕ ಬರೆಹ. ಯಂತ್ರವು ಅದನ್ನು ನೇರವಾಗಿ ಗ್ರಹಿಸಲಾರದು. ಕಂಪೈಲರು ಗಿರಣಿ. ಅದು ನಮ್ಮ ಬರೆಹವನ್ನು ಯಂತ್ರಕ್ಕೆ ಒಗ್ಗುವ ಸೊನ್ನೆ ಒಂದುಗಳ ಆಜ್ಞೆಗಳನ್ನಾಗಿ ಬೀಸಿಕೊಡುವುದು. ಹಾಗೆ ಬಂದ ಹೊಸ ಕಡತವನ್ನು ಹೆಸರು ಹಿಡಿದು ಕರೆಯುವುದೇ ಪ್ರೋಗ್ರಾಮನ್ನು ನಡೆಸುವುದು. ಒಮ್ಮೆ ಬೀಸಿದ ಹಿಟ್ಟಿನಿಂದ ಎಷ್ಟೋ ದಿನ ಮುದ್ದೆ ಮಾಡಬಹುದಾದಂತೆ, ಒಮ್ಮೆ ಕಂಪೈಲು ಮಾಡಿದುದನ್ನು ನೂರು ಸಲ ನಡೆಸಬಹುದು. ಆದರೆ ರಾಗಿಯನ್ನು ಬದಲಾಯಿಸಿದ ಮಾತ್ರಕ್ಕೆ ಡಬ್ಬಿಯಲ್ಲಿರುವ ಹಿಟ್ಟು ಬದಲಾಗದು. ಪ್ರೋಗ್ರಾಮನ್ನು ತಿದ್ದಿ, ಮತ್ತೆ ಕಂಪೈಲು ಮಾಡದೆ ನಡೆಸಿ, “ತಿದ್ದಿದರೂ ಹಳೆಯ ಉತ್ತರವೇ ಬರುತ್ತದಲ್ಲ!” ಎಂದು ಕಂಗೆಡುವುದು ಹೊಸಬರೆಲ್ಲರಿಗೂ ಒದಗುವ ಅನುಭವ. ನಮ್ಮ ಹುಡುಗಿಗೂ ಎರಡನೆಯ ದಿನ ಒದಗಿತು. ಆಗ ಅವಳೇ ನಕ್ಕು, “ಗಿರಣಿಗೆ ಹೋಗಲಿಲ್ಲ ಮಾವ” ಎಂದಳು.

ಕಪ್ಪು ತೆರೆಯ ಮೇಲೆ ಈ ಕೆಲಸ ಮಾಡುವ ಕ್ರಮ ಇಷ್ಟೇ. ಪ್ರೋಗ್ರಾಮನ್ನು ಬರೆದು ‘ನಮಸ್ಕಾರ ಡಾಟ್ ಸಿ’ ಎಂಬ ಹೆಸರಿನಲ್ಲಿ ಉಳಿಸಿದೆವೆನ್ನೋಣ. ಆಮೇಲೆ ‘ಜಿಸಿಸಿ, ನಮಸ್ಕಾರ ಡಾಟ್ ಸಿ, ಅಡ್ಡಗೆರೆ ಓ, ನಮಸ್ಕಾರ’ ಎಂದು ಒಂದು ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು. ಜಿಸಿಸಿ ಎಂಬುದು ಕಂಪೈಲರಿನ ಹೆಸರು. ರಿಚರ್ಡ್ ಸ್ಟಾಲ್ಮನ್ ಎಂಬವರು ೧೯೮೭ರಲ್ಲಿ ಮೊದಲು ಲೋಕಕ್ಕೆ ಕೊಟ್ಟುದು. ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. ‘ಅಡ್ಡಗೆರೆ ಓ’ ಎಂದರೆ ‘ಹಿಟ್ಟನ್ನು ಈ ಡಬ್ಬಿಯಲ್ಲಿ ತುಂಬು’ ಎಂಬ ಸೂಚನೆ. ಹಾಗೆ ಹೆಸರು ಹೇಳದಿದ್ದರೆ ಜಿಸಿಸಿಯು ಹಳೆಯ ಸಂಪ್ರದಾಯದಂತೆ ‘ಎ ಡಾಟ್ ಔಟ್’ ಎಂಬ ಡಬ್ಬಿಯಲ್ಲಿ ತುಂಬುವುದು. ತಪ್ಪಿಲ್ಲದಿದ್ದರೆ ಕಂಪೈಲರು ಏನೂ ಹೇಳದೆ ಸುಮ್ಮನಿರುವುದು. ಬಳಿಕ ‘ಡಾಟ್, ಓರೆಗೆರೆ, ನಮಸ್ಕಾರ’ ಎಂದು ಒತ್ತಿದರೆ ಪ್ರೋಗ್ರಾಮು ನಡೆಯುವುದು.

“ಆ ಡಾಟೂ ಓರೆಗೆರೆಯೂ ಯಾಕೆ? ಬರಿಯ ನಮಸ್ಕಾರ ಎಂದರೆ ಸಾಲದೆ?” ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಮಿಗೆ, ಇಂಥಿಂಥ ಬೀದಿಗಳಲ್ಲಿ ಮಾತ್ರ ಹುಡುಕು ಎಂಬ ಪಟ್ಟಿಯೊಂದನ್ನು ಮೊದಲೇ ಕೊಟ್ಟಿರುವುದು. ಬರಿಯ ಹೆಸರನ್ನು ಹೇಳಿದರೆ ಅದು ಆ ಬೀದಿಗಳನ್ನೆಲ್ಲ ಸುತ್ತಿ, ಸಿಕ್ಕದಿದ್ದರೆ ಅಂಥವರಾರೂ ಇಲ್ಲವೆಂದು ಹಿಂದಿರುಗುವುದು. ನಮ್ಮ ಜಗಲಿಯಲ್ಲಿಯೇ ಕುಳಿತವನನ್ನು ನೋಡದು. ಡಾಟ್ ಎಂದರೆ ‘ನಾನಿರುವ ಈ ಸ್ಥಳ’. ಇದರಲ್ಲಿ ಒಂದು ವಿವೇಕವೂ ಅಡಗಿರುವುದು. ಬರಿಯ ಹೆಸರಿಗೆ ಜಗಲಿಯಲ್ಲಿರುವವರೆಲ್ಲ ಓಗೊಡುವಂತಿದ್ದರೆ, ಯಾವನಾದರೂ ದುರುಳನು ನಿತ್ಯದ ಆಜ್ಞೆಯೊಂದರ ಹೆಸರಿಟ್ಟುಕೊಂಡು ಅಲ್ಲಿ ಬಂದು ಕುಳಿತಿರಬಹುದು. ನಾವು ಕರೆದೊಡನೆ ಒಳಗೆ ನುಗ್ಗಬಹುದು.

ತಪ್ಪಿದ್ದಾಗ ಕಂಪೈಲರು ಮಾತಾಡುವುದು. ಮಕ್ಕಳು ಹೆದರುವುದು ಆ ಮಾತುಗಳಿಗೆ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋದರೆ ಹತ್ತು ಸಾಲುಗಳ ಆಕ್ಷೇಪಣೆ ಬಂದು ಬೀಳುವುದುಂಟು. ಅಂಗಿಯ ಮೊದಲ ಗುಂಡಿಯನ್ನು ತಪ್ಪಿ ಹಾಕಿದರೆ ಮಿಕ್ಕ ಗುಂಡಿಗಳೆಲ್ಲ ತಪ್ಪುವುವಷ್ಟೆ. ಮೊದಲನೆಯದನ್ನು ಸರಿಪಡಿಸಿದರೆ ಉಳಿದವು ತಾವಾಗಿ ಸರಿಯಾಗುವುವು. ಆದುದರಿಂದ ಮೊದಲ ಆಕ್ಷೇಪಣೆಯನ್ನು ಮಾತ್ರ ಓದಿ, ಅದನ್ನು ತಿದ್ದಿ, ಮತ್ತೆ ಗಿರಣಿಗೆ ಹೋಗಬೇಕು. ಆ ಮಾತಿನಲ್ಲಿ ಕಡತದ ಹೆಸರು, ಸಾಲಿನ ಸಂಖ್ಯೆ, ಆ ಸಾಲಿನಲ್ಲಿ ಎಷ್ಟನೆಯ ಅಕ್ಷರವೆಂಬ ಸಂಖ್ಯೆ, ಆಮೇಲೆ ಆಕ್ಷೇಪಣೆ ಇರುವುವು. ಮನೆ ನಂಬರು ಬೀದಿ ನಂಬರುಗಳನ್ನು ಸರಿಯಾಗಿ ಬರೆದ ಕಾಗದದಂಥದು. ಗದರಿಸುವಂತೆ ಕಂಡರೂ ಅದು ವಿಳಾಸ.

ಇಂಗ್ಲಿಷಿನ ಭಯಕ್ಕೆ ನಾವು ಕಂಡುಕೊಂಡ ಉಪಾಯ ಒಂದು ನೋಟುಪುಸ್ತಕ. ಎಡಪುಟದಲ್ಲಿ ಕಂಪೈಲರಿನ ಮಾತು, ಬಲಪುಟದಲ್ಲಿ ಅದರ ಕನ್ನಡ ಅರ್ಥ, ಕೆಳಗೆ ಅದನ್ನು ಸರಿಪಡಿಸಿದ ಬಗೆ. ‘ಘೋಷಣೆಯಾಗಿಲ್ಲದ ಹೆಸರು’, ‘ಇಲ್ಲಿ ಅರ್ಧವಿರಾಮ ಬೇಕಾಗಿತ್ತು’, ‘ಈ ಹೆಸರಿನವನು ಎಲ್ಲಿಯೂ ಸಿಕ್ಕಲಿಲ್ಲ’ ಎಂದು ಬರೆಯುತ್ತ ಹೋದಳು. ನಾಲ್ಕು ದಿನಗಳಲ್ಲಿ ಆ ಪುಸ್ತಕದಲ್ಲಿ ತುಂಬಿದುದು ಹದಿನಾಲ್ಕು ಪುಟ. ಕೊನೆಯ ದಿನ ಹೊಸದಾಗಿ ಸೇರಿದುದು ಒಂದೇ. ಬೈಗುಳವೆಂದು ತಿಳಿದಿದ್ದುದು ಹದಿನೈದಿಪ್ಪತ್ತು ವಾಕ್ಯಗಳ ಪುನರುಕ್ತಿಯೆಂದು ಅವಳಿಗೆ ಗೊತ್ತಾಯಿತು. ಸಿ ಭಾಷೆಯ ಶಬ್ದಭಂಡಾರವೂ ಅಂಥ ದೊಡ್ಡದಲ್ಲ. ೧೯೮೯ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯಾದ ಅದರ ಪ್ರಮಾಣಗ್ರಂಥದಲ್ಲಿ ಭಾಷೆಗೇ ಮೀಸಲಾದ ಪದಗಳು ೩೨ ಮಾತ್ರ. ನಲವತ್ತೊಂಬತ್ತು ಅಕ್ಷರಗಳ ವರ್ಣಮಾಲೆಯನ್ನು ಆರನೆಯ ವಯಸ್ಸಿನಲ್ಲಿ ಕಲಿತವಳಿಗೆ ಅದೊಂದು ಹೊರೆಯೇ?

ಈ ಭಾಷೆಯ ಹುಟ್ಟನ್ನು ಇಲ್ಲಿ ಹೇಳಬೇಕು. ಹಳೆಯ ಕಂಪ್ಯೂಟರುಳ್ಳ ಮನೆಗಳಿಗೆ ಅದರಿಂದ ಧೈರ್ಯವುಂಟು. ಅಮೆರಿಕದ ನ್ಯೂಜರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬ ವಿದ್ವಾಂಸರು ೧೯೭೧ರಿಂದ ೧೯೭೩ರವರೆಗಿನ ಕಾಲದಲ್ಲಿ ಇದನ್ನು ರೂಪಿಸಿದರು. ಅವರ ಜೊತೆಗಾರರಾದ ಕೆನ್ ಥಾಮ್ಸನ್ ಮಾಡಿದ್ದ ಬಿ ಎಂಬ ಭಾಷೆಯಿಂದ ಬೆಳೆದುದಾದ ಕಾರಣ ಇದಕ್ಕೆ ಸಿ ಎಂದು ಹೆಸರಾಯಿತು. ೧೯೭೮ರಲ್ಲಿ ಬ್ರಯನ್ ಕರ್ನಿಹನ್ ಅವರೊಡನೆ ರಿಚಿಯವರು ಬರೆದ ಪುಸ್ತಕವು ಲೋಕದಲ್ಲೆಲ್ಲ ಪಾಠಗ್ರಂಥವಾಯಿತು. ಲೋಕಕ್ಕೆ ನಮಸ್ಕಾರ ಹೇಳುವ ಮೊದಲ ಪ್ರೋಗ್ರಾಮು ಪ್ರಸಿದ್ಧವಾದುದೂ ಅದರಿಂದಲೇ. ರಿಚಿಯವರು ೨೦೧೧ರಲ್ಲಿ ತೀರಿಕೊಂಡರು. ಅವರು ಮೊದಲು ಕೆಲಸಮಾಡಿದ ಪಿಡಿಪಿ-೧೧ ಯಂತ್ರದ ನೆನಪಿನ ಶಕ್ತಿ ೨೪ ಕಿಲೋಬೈಟು. ನಮ್ಮ ಭಾವನವರು ಕೊಂಡ ಹಳೆಯ ಕಂಪ್ಯೂಟರಿನದು ೪ ಗಿಗಾಬೈಟು, ಅಂದರೆ ಸುಮಾರು ಒಂದು ಲಕ್ಷ ಎಪ್ಪತ್ತೈದು ಸಾವಿರ ಪಾಲು ಹೆಚ್ಚು. ಹೊಸ ಯಂತ್ರ ಬೇಕೆಂದು ಮಕ್ಕಳು ಹಟಮಾಡಿದರೆ, ಸಿ ಕಲಿಯುವ ಮಟ್ಟಿಗಂತೂ ಬೇಡವೆಂದು ನಿರಾತಂಕವಾಗಿ ಹೇಳಬಹುದು. ಜಿಸಿಸಿಯನ್ನು ಒಮ್ಮೆ ತುಂಬಿಸಿಕೊಂಡರೆ ಇಂಟರ್ನೆಟ್ಟಿನ ಹಂಗೂ ಇಲ್ಲ.

ಮೂರನೆಯ ದಿನ ಗಿರಣಿಯ ಒಳಗನ್ನು ನೋಡಿದೆವು. ಜಿಸಿಸಿ ಎಂಬುದು ಒಂದೇ ಹೆಸರಾದರೂ ಒಳಗೆ ನಾಲ್ವರ ಕೆಲಸ ನಡೆಯುವುದು. ಮೊದಲನೆಯವನು ಬರೆಹದಲ್ಲಿನ ಟಿಪ್ಪಣಿಗಳನ್ನು ಕಳೆದು, ‘ಇದನ್ನು ಸೇರಿಸು’ ಎಂದು ನಾವು ಹೇಳಿದ ಕಡತಗಳನ್ನು ತಂದು ಸೇರಿಸುವನು. ಎರಡನೆಯವನು ವ್ಯಾಕರಣವನ್ನು ಪರೀಕ್ಷಿಸಿ, ಯಂತ್ರಕ್ಕೆ ಹತ್ತಿರವಾದ ಅಸೆಂಬ್ಲಿ ಎಂಬ ಭಾಷೆಗೆ ತಿರುಗಿಸುವನು. ಮೂರನೆಯವನು ಅದನ್ನು ಸೊನ್ನೆ ಒಂದುಗಳಾಗಿ ಮಾಡುವನು. ನಾಲ್ಕನೆಯವನು ಲಿಂಕರು, ಬಿಡಿ ತುಂಡುಗಳನ್ನು ಜೋಡಿಸುವವನು. ಪ್ರತಿಯೊಂದು ಪ್ರೋಗ್ರಾಮಿನ ತಲೆಯಲ್ಲಿಯೂ ಮಕ್ಕಳು ‘ಎಸ್‌ಟಿಡಿ‌ಐಒ ಡಾಟ್ ಎಚ್’ ಎಂದು ಮಂತ್ರದಂತೆ ಬರೆಯುವರಷ್ಟೆ. ತೆರೆಯ ಮೇಲೆ ಅಕ್ಷರ ಮೂಡಿಸುವ ಪ್ರಿಂಟ್‌ಎಫ್ ಎಂಬ ಕೆಲಸಗಾರನು ಅದರಲ್ಲಿಲ್ಲ. ಅಂಥವನೊಬ್ಬನುಂಟು, ಅವನ ಕೈಗೆ ಇಂಥದನ್ನು ಕೊಡಬೇಕು ಎಂಬ ಪರಿಚಯಪತ್ರ ಮಾತ್ರ ಇರುವುದು. ಕೆಲಸಗಾರನಿರುವುದು ಸಿ ಭಂಡಾರವೆಂಬ ಬೇರೆಯ ಕಡೆ. ಅವನೊಡನೆ ಸಂಬಂಧ ಕೂಡಿಸುವವನು ಲಿಂಕರು. ವರ್ಗಮೂಲವನ್ನು ಕಂಡುಹಿಡಿಯುವ ಪ್ರೋಗ್ರಾಮಿಗೆ ಪರಿಚಯಪತ್ರವನ್ನು ಸೇರಿಸಿದರೂ ಲಿನಕ್ಸಿನಲ್ಲಿ ‘ಈ ಹೆಸರಿನವನು ಸಿಕ್ಕಲಿಲ್ಲ’ ಎಂಬ ದೂರು ಬರುವುದುಂಟು. ಗಣಿತದ ಭಂಡಾರವು ಬೇರೆಯೇ ಇರುವುದರಿಂದ, ಆಜ್ಞೆಯ ಕೊನೆಯಲ್ಲಿ ‘ಅಡ್ಡಗೆರೆ ಎಲ್ ಎಮ್’ ಎಂದು ಸೇರಿಸಬೇಕು. ಪರಿಚಯಪತ್ರವಿದ್ದ ಮಾತ್ರಕ್ಕೆ ನೆಂಟ ಬಂದಂತಾಗದು ಎಂದೊಡನೆ ಅವಳಿಗೆ ತಿಳಿಯಿತು. ದೂರಿದವರು ಯಾರೆಂದು ತಿಳಿದರೆ ತಪ್ಪನ್ನು ಎಲ್ಲಿ ಹುಡುಕಬೇಕೆಂಬುದೂ ತಿಳಿಯುವುದು.

ಪ್ರೋಗ್ರಾಮಿನ ಕೊನೆಯಲ್ಲಿ ಬರೆಯುವ ‘ರಿಟರ್ನ್ ಸೊನ್ನೆ’ ಎಂಬುದಕ್ಕೂ ಅರ್ಥವುಂಟು. ನಮ್ಮ ಹಿರಿಯರು ಕಾಗದ ಬರೆಯುವಾಗ ಇತ್ತ ಕುಶಲವೆಂದು ಮೊದಲು ತಿಳಿಸುತ್ತಿದ್ದರು. ಸೊನ್ನೆಯು ಅಂಥ ಕುಶಲವಾರ್ತೆ. ಪ್ರೋಗ್ರಾಮು ಮುಗಿದೊಡನೆ ಶೆಲ್ಲಿಗೆ ಅದನ್ನು ಒಪ್ಪಿಸುವುದು. ಸೊನ್ನೆಯಲ್ಲದ ಸಂಖ್ಯೆ ಬಂದರೆ ಏನೋ ಕೆಟ್ಟಿತೆಂದು ತಾತ್ಪರ್ಯ. ಒಂದು ಪ್ರೋಗ್ರಾಮಿನ ಕುಶಲವನ್ನು ಕೇಳಿಯೇ ಮುಂದಿನದನ್ನು ನಡೆಸುವ ಏರ್ಪಾಡುಗಳನ್ನು ಕಪ್ಪು ತೆರೆಯಲ್ಲಿ ಮಾಡಬಹುದು.

ಕಂಪೈಲರು ಸುಮ್ಮನಿದ್ದರೆ ಪ್ರೋಗ್ರಾಮು ಸರಿಯೆಂದು ತಿಳಿಯುವುದು ಮಾತ್ರ ಸಲ್ಲದು. ಇದನ್ನು ನಮಗೆ ತೋರಿಸಿಕೊಟ್ಟವರು ಭಾವನವರು. ಹುಡುಗಿಯು ಈರುಳ್ಳಿ ಮೂಟೆಗಳ ತೂಕದ ಸರಾಸರಿಯನ್ನು ಕಂಡುಹಿಡಿಯುವ ಪ್ರೋಗ್ರಾಮೊಂದನ್ನು ಬರೆದಳು. ಒಂದು ಮೂಟೆ ೫೨ ಕಿಲೋ, ಇನ್ನೊಂದು ೫೩. ಕಂಪೈಲರು ಒಂದು ಮಾತನ್ನೂ ಆಡಲಿಲ್ಲ. ಪ್ರೋಗ್ರಾಮು ಸರಾಸರಿ ೫೨ ಎಂದಿತು. ಹಿಂದೆ ನಿಂತು ನೋಡುತ್ತಿದ್ದ ಭಾವನವರು, “ಅರ್ಧ ಕಿಲೋ ಎಲ್ಲಿ ಹೋಯಿತಮ್ಮ? ಮಂಡಿಯವರೂ ಹೀಗೆ ಹೊಡೆಯುವುದಿಲ್ಲವಲ್ಲ!” ಎಂದರು. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಬರುವ ಭಿನ್ನವನ್ನು ಕತ್ತರಿಸಿ ಹಾಕುವುದು ನಿಯಮ. ೧೦೫ನ್ನು ೨ರಿಂದ ಭಾಗಿಸಿದರೆ ೫೨ ಮಾತ್ರ. ಎರಡರ ಬದಲು ‘ಎರಡು ಬಿಂದು ಸೊನ್ನೆ’ ಎಂದು ಬರೆದು, ಮುದ್ರಿಸುವ ಕಡೆ ದಶಮಾಂಶದ ಗುರುತನ್ನು ಹಾಕಿದ ಮೇಲೆ ೫೨.೫ ಬಂದಿತು. ವ್ಯಾಕರಣ ಶುದ್ಧವಾಗಿರುವ ಸುಳ್ಳು ಮಾತನ್ನು ಕಂಪೈಲರು ಹಿಡಿಯಲಾರದು. ಲೆಕ್ಕ ಬಲ್ಲ ಮನುಷ್ಯನೇ ಹಿಡಿಯಬೇಕು. ಕಂಪ್ಯೂಟರನ್ನು ಮುಟ್ಟದ ಭಾವನವರು ಅಂದು ಮಗಳ ಪ್ರೋಗ್ರಾಮಿನ ಪರೀಕ್ಷಕರಾದರು. ತೂಕಗಳನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟು, ಆಜ್ಞೆಯ ಮುಂದೆ ಎಡಕ್ಕೆ ಮೊನೆಮಾಡಿದ ಬಾಣದ ಗುರುತು ಹಾಕಿ ಅದರ ಹೆಸರನ್ನು ಕೊಟ್ಟರೆ, ಪ್ರೋಗ್ರಾಮು ಆ ಕಡತದಿಂದಲೇ ಓದಿಕೊಳ್ಳುವುದೆಂದು ತೋರಿಸಿದಾಗ, ಚೀಟಿಗಳ ಕಟ್ಟನ್ನು ಅವರೇ ತಂದುಕೊಟ್ಟರು.

ಇನ್ನು ಶಿರೋನಾಮೆಯ ಪ್ರಶ್ನೆಗೆ ಬರೋಣ. ಕೊನೆಯ ದಿನ ಅವಳಿಗೆ, “ಪದದ ಉದ್ದವನ್ನು ಅಳೆಯುವ ಪ್ರೋಗ್ರಾಮು ಬರೆದು ನಿನ್ನ ಊರಿನ ಹೆಸರನ್ನು ಕನ್ನಡದಲ್ಲಿ ಕೊಡು” ಎಂದೆನು. ಅ, ಜ್ಜಂ, ಪು, ರ: ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಸಿ ಭಾಷೆಯ ಸ್ಟ್ರ್‌ಲೆನ್ ಎಂಬ ಅಳತೆಗಾರನು ೨೪ ಎಂದನು! ಹುಡುಗಿ ಬೆರಗಾದಳು. ಕಾರಣ ಹೀಗೆ. ಲೋಕದ ಲಿಪಿಗಳಿಗೆಲ್ಲ ಒಂದೇ ಪಟ್ಟಿಯನ್ನು ಮಾಡಿದ ಯೂನಿಕೋಡ್ ಎಂಬ ಏರ್ಪಾಡಿನ ಮೊದಲ ಆವೃತ್ತಿ ೧೯೯೧ರಲ್ಲಿ ಹೊರಟಾಗಲೇ ಅದರಲ್ಲಿ ಕನ್ನಡಕ್ಕೆ ೧೨೮ ಮನೆಗಳ ಒಂದು ಬೀದಿ ಸಿಕ್ಕಿತು. ಆ ಬೀದಿಯಲ್ಲಿ ವ್ಯಂಜನಕ್ಕೆ ಒಂದು ಮನೆ, ಕೊಂಬಿಗೆ ಒಂದು, ಸೊನ್ನೆಗೆ ಒಂದು, ಒತ್ತಕ್ಷರವನ್ನು ಜೋಡಿಸುವ ಅರ್ಧಾಕ್ಷರದ ಚಿಹ್ನೆಗೆ ಒಂದು. ಹಾಗೆ ಬಿಡಿಸಿದರೆ ಅಜ್ಜಂಪುರವು ಅ, ಜ, ಅರ್ಧಾಕ್ಷರದ ಚಿಹ್ನೆ, ಇನ್ನೊಂದು ಜ, ಸೊನ್ನೆ, ಪ, ಕೊಂಬು, ರ ಎಂದು ಎಂಟು ಬಿಡಿಗಳಾಗುವುದು. ಕೆನ್ ಥಾಮ್ಸನ್ ಅವರೇ ರಾಬ್ ಪೈಕ್ ಎಂಬವರೊಡನೆ ೧೯೯೨ರಲ್ಲಿ ರೂಪಿಸಿದ ಯುಟಿಎಫ್-೮ ಎಂಬ ಬರೆಹಪದ್ಧತಿಯಲ್ಲಿ ಕನ್ನಡದ ಒಂದೊಂದು ಬಿಡಿಗೂ ಮೂರು ಬೈಟುಗಳು ಬೇಕು. ಎಂಟು ಮೂರಲಿ ಇಪ್ಪತ್ತನಾಲ್ಕು.

ಇದು ವಿನೋದಕ್ಕೆ ಹೇಳಿದ ಮಾತಲ್ಲ. ಅರ್ಜಿಯೊಂದರಲ್ಲಿ ಊರಿನ ಹೆಸರಿಗೆ ಇಪ್ಪತ್ತು ಬೈಟುಗಳ ಸ್ಥಳ ಸಾಕೆಂದು, ಇಂಗ್ಲಿಷ್ ಮಾತ್ರ ಬಲ್ಲ ಪ್ರೋಗ್ರಾಮುಗಾರನು ತಿಳಿದನೆನ್ನೋಣ. ಇಂಗ್ಲಿಷಿನಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟಾದುದರಿಂದ ಅವನಿಗೆ ಅದು ಧಾರಾಳವಾಗಿ ಕಾಣುವುದು. ಅಜ್ಜಂಪುರಕ್ಕಾದರೋ ೨೪ ಬೇಕು. ಪದವು ಮುಗಿಯಿತೆಂದು ತಿಳಿಸಲು ಸಿ ಭಾಷೆ ಇಡುವ ಸೊನ್ನೆಯೂ ಸೇರಿ ೨೫. ಅಷ್ಟು ಸ್ಥಳವಿಲ್ಲದಿದ್ದರೆ ಒಂದೋ ಹೆಸರು ನಡುವೆ ಕತ್ತರಿಸಿ ಹೋಗುವುದು, ಇಲ್ಲವೇ ಬದು ದಾಟಿ ಪಕ್ಕದವನ ಹೊಲವನ್ನು ಉಳುವಂತೆ ಮುಂದಿನ ಸ್ಥಳವನ್ನು ಆಕ್ರಮಿಸುವುದು. ಸಿ ಭಾಷೆಯು ಆ ಬದುವನ್ನು ತಾನಾಗಿ ಕಾಯುವುದಿಲ್ಲ. ೧೯೮೮ರಲ್ಲಿ ಇಂಟರ್ನೆಟ್ಟಿನ ಸಾವಿರಾರು ಯಂತ್ರಗಳನ್ನು ಕೆಡಿಸಿದ ಮಾರಿಸ್ ಹುಳುವೆಂಬ ಪ್ರೋಗ್ರಾಮು ಒಳನುಗ್ಗಿದ ದಾರಿಗಳಲ್ಲಿ ಇಂಥ ಕಾವಲಿಲ್ಲದ ಬದುವೂ ಒಂದು. ಅದಕ್ಕೆ ಎಡೆಗೊಟ್ಟ ಗೆಟ್ಸ್ ಎಂಬ ಸಾಧನವನ್ನು ೨೦೧೧ರ ಪ್ರಮಾಣಗ್ರಂಥದಿಂದ ತೆಗೆದೇ ಹಾಕಿರುವರು.

ನಾನು ಊರಿಗೆ ಹೊರಡುವ ಹಿಂದಿನ ರಾತ್ರಿ ಹುಡುಗಿ ಕೇಳಿದಳು: “ಹಾಗಾದರೆ ಮಾವ, ಅಜ್ಜಂಪುರಕ್ಕೆ ನಾಲ್ಕೇ ಅಕ್ಷರವೆಂದು ಯಂತ್ರಕ್ಕೆ ಹೇಳಿಕೊಡಲಾಗುವುದಿಲ್ಲವೆ?” ಆಗುವುದೆಂದೂ ಅದನ್ನು ಅವಳೇ ಹೇಳಿಕೊಡಬೇಕೆಂದೂ ಹೇಳಿದೆನು. ಅವಳು ಕಾಗದವನ್ನು ತೆಗೆದುಕೊಂಡು, ಪ್ರಾಥಮಿಕ ಶಾಲೆಯಲ್ಲಿ ಕಲಿತ ಗುಣಿತಾಕ್ಷರ ಒತ್ತಕ್ಷರಗಳನ್ನು ಜ್ಞಾಪಿಸಿಕೊಳ್ಳುತ್ತ ನಿಯಮವನ್ನು ಬರೆದಳು. ಸ್ವರವಾಗಲಿ ವ್ಯಂಜನವಾಗಲಿ ಬಂದರೆ ಒಂದೆಂದು ಎಣಿಸು. ಅದರ ಹಿಂದೆ ಅರ್ಧಾಕ್ಷರದ ಚಿಹ್ನೆಯಿದ್ದರೆ ಎಣಿಸಬೇಡ, ಅದು ಒತ್ತಕ್ಷರ. ಕೊಂಬು, ಇಳಿ, ದೀರ್ಘ, ಸೊನ್ನೆ, ವಿಸರ್ಗ ಯಾವುದನ್ನೂ ಎಣಿಸಬೇಡ. ಅಜ್ಜಂಪುರಕ್ಕೆ ಈ ನಿಯಮವನ್ನು ಬೆರಳಿನಿಂದ ನಡೆಸಿ ನೋಡಿದೆವು. ಸರಿಯಾಗಿ ನಾಲ್ಕು ಬಂದಿತು. ಈ ನಿಯಮವು ಸಿ ಭಾಷೆಯ ಯಾವ ಪಾಠಪುಸ್ತಕದಿಂದಲೂ ಅವಳಿಗೆ ಬಂದುದಲ್ಲ. ಕನ್ನಡದ ಕಾಗುಣಿತವನ್ನು ತಿದ್ದಿ ಬೆಳೆದವಳಿಗೆ ಕೇಳದೆಯೇ ದೊರಕಿದ ಆಸ್ತಿ ಅದು.

ವಿದ್ಯೆಯನ್ನು ಬಿಡುವ ಮಾತನ್ನು ಅವಳು ಆಮೇಲೆ ಎತ್ತಿಲ್ಲ. ಪ್ರಯೋಗ ಪರೀಕ್ಷೆಗೆ ಮತ್ತೆ ಕುಳಿತು ತೇರ್ಗಡೆಯಾದಳು; ಅಂಕಗಳು ಬಹಳವೇನೂ ಅಲ್ಲ. ಮೊನ್ನೆ ಅಕ್ಕನು ಟೆಲಿಫೋನಿನಲ್ಲಿ ಮಾತಾಡುವಾಗ, “ನಿನ್ನ ಸೊಸೆ ಮನೆಯವರೆಲ್ಲರ ಹೆಸರನ್ನೂ ಎಣಿಸಿ ಮುಗಿಸಿದಳಪ್ಪ, ಈಗ ರೈಲಿನ ನಿಲ್ದಾಣಗಳಿಗೆ ಹೊರಟಿದ್ದಾಳೆ. ಚಿಕ್ಕಜಾಜೂರಿಗೆ ಐದಂತೆ” ಎಂದಳು. ನಾನು ಬೆರಳು ಮಡಿಸಿ ಎಣಿಸಿ ನೋಡಿದೆನು. ಚಿ, ಕ್ಕ, ಜಾ, ಜೂ, ರು: ಐದೇ.